ಅಳಿಯ ತಂದ ನಾರುಮಡಿ

"ಅಳಿಯನ ಕೈಗೆ ಈ ಮೈ ಒಪ್ಪಿಸೋದಾ? ಸತ್ತರೂ ಆಗಲ್ಲ!"

ನಮುಲೊಂಡೊ ಕೈಯಲ್ಲಿದ್ದ ಚಾಕುವನ್ನು ಬಾಳೆಸಿಪ್ಪೆಯ ರಾಶಿಯ ಮೇಲೆ ಎಸೆದೇಬಿಟ್ಟಳು. ಅರ್ಧ ಸುಲಿದ ಬಾಳೆಕಾಯಿ ಉರುಳಿಕೊಂಡು ಹೋಗಿ ಮಗಳ ಪಾದಕ್ಕೆ ತಗುಲಿ ನಿಂತಿತು. ನಸ್ಸುನ ಅದನ್ನು ಎತ್ತಿಕೊಳ್ಳಲಿಲ್ಲ. ಬೆಳಗ್ಗೆ ಕಂಪಾಲದಿಂದ ಮೊದಲ ಟ್ಯಾಕ್ಸಿ ಹಿಡಿದು ಎಂಪಿಗಿಯ ತವರಿಗೆ ಓಡಿ ಬಂದವಳು ಇನ್ನೂ ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಅಡುಗೆ ಗುಡಿಸಲಿನ ಬಾಗಿಲಲ್ಲೇ ನಿಂತು ಗೊಳೋ ಎಂದು ಅಳತೊಡಗಿದಳು.

"ಅಮ್ಮಾ... ಅಪ್ಪ ಹೋದಾಗ ನೀನಿದ್ದೆ. ನೀನೂ ಹೋದ್ರೆ ನನಗ್ಯಾರಮ್ಮ ಇದ್ದಾರೆ? ಹೊರಗಿನ ಕರೆಂಟೆಲ್ಲ ಮುಗಿಸಿದ್ದೀಯ. ಗಡ್ಡೆ ಕರಗ್ತಾ ಬಂದಿದೆ ಅಂತ ಡಾಕ್ಟರ್ ಅಚಿಯೆಂಗಮ್ಮನೇ ಹೇಳಿದ್ರು. ಒಳಗಿನ ಕರೆಂಟು ಒಂದು ಉಳಿದಿರೋದು ಅಷ್ಟೇ... ಈಗ ಬೇಡ ಅಂತೀಯಲ್ಲ!"

"ಆಗಲ್ಲ ಅಂದ್ರೆ ಆಗಲ್ಲ. ಬಂದಿದ್ದೀಯ, ಉಂಡ್ಕೊಂಡು ಹೋಗು."

ಎಂಥ ಹೆಂಗಸು ನೋಡಿ! ಮಗಳು ಹಾಗೆ ಕಣ್ಣೀರಿಡುತ್ತಿದ್ದರೆ ಇವಳಿಗೆ ಬಾಳೆಕಾಯಿಯ ಮಟೋಕೆ ಬೇಯಿಸುವ ಚಿಂತೆ. ಹಾಗೆಂದು ಕಲ್ಲೆದೆಯವಳೇನಲ್ಲ. ಇಡೀ ಓಣಿಯ ಮದುವೆಗಳಲ್ಲಿ ಇವಳ ನಗು ಮೊದಲು ಕೇಳುತ್ತಿತ್ತು, ಆಮೇಲೆ ಡೋಲು. ಆದರೆ ಉಗಾಂಡದ ಬುಗಾಂಡ ಸೀಮೆಯಲ್ಲಿ ಹುಟ್ಟಿ ಬೆಳೆದ ಅತ್ತೆಗೆ ಅಳಿಯನೆಂದರೆ ಸುಮ್ಮನೆ ಮಾತೇ? ಅಳಿಯ ಅಂಗಳಕ್ಕೆ ಕಾಲಿಟ್ಟರೆ ಅತ್ತೆ ಹಿತ್ತಲಿಗೆ. ದಾರಿಯಲ್ಲಿ ಎದುರಾದರೆ ಒಬ್ಬರು ಪೊದೆಯ ಕಡೆ ತಿರುಗಲೇಬೇಕು. ತಪ್ಪಿ ಮೈ ಕಂಡಿತೋ, ಸೋಕಿತೋ, 'ಒಬುಕೊ' ಹತ್ತುತ್ತದೆ. ಕೈ ನಡುಗತೊಡಗಿದರೆ ಸಾಯುವ ತನಕ ನಿಲ್ಲುವುದಿಲ್ಲ. ನಮುಲೊಂಡೊ ಮಗಳ ಮದುವೆಯಾದ ಮೇಲೆ ಅಳಿಯನ ಬೂಟುಗಳನ್ನಷ್ಟೇ ಸರಿಯಾಗಿ ನೋಡಿದ್ದಳು. ಬೂಟು ಚೆನ್ನಾಗಿವೆ, ಹುಡುಗ ಒಳ್ಳೆಯವನಿರಬೇಕು ಎಂದು ಅಕ್ಕಪಕ್ಕದವರಿಗೆ ಹೇಳಿಕೊಂಡು ತಿರುಗುತ್ತಿದ್ದಳು.

ಆ ಬೂಟುಗಳ ಒಡೆಯ ಲುಬ್ವಾಮ, ಕಂಪಾಲದ ಆಸ್ಪತ್ರೆಯಲ್ಲಿ ಹೆಂಗಸರ ಕ್ಯಾನ್ಸರಿನ ಡಾಕ್ಟರು. ಗರ್ಭಕೋಶದ ಕೊರಳಿಗೆ ಗಡ್ಡೆಯಾದವರಿಗೆ ಕಿರಣ ಕೊಡುತ್ತಾರಲ್ಲ, ಜನ ಕರೆಂಟು ಎನ್ನುತ್ತಾರಲ್ಲ, ಅದು ಅವನ ಕೆಲಸ. ಆ ಚಿಕಿತ್ಸೆ ವಾರಗಟ್ಟಲೆ ಹಿಡಿಯುತ್ತದೆ. ಹಳ್ಳಿಯಿಂದ ಬಂದ ಹೆಂಗಸು ಎಷ್ಟು ವಾರ ಅಲ್ಲಿರಬಲ್ಲಳು? ತೋಟದಲ್ಲಿ ಕಳೆ, ಮನೆಯಲ್ಲಿ ಮಕ್ಕಳು, ಫೋನಿನಲ್ಲಿ ಗಂಡನ ಕೂಗಾಟ. ಅರ್ಧಕ್ಕೆ ಬಿಟ್ಟು ಹೋದವರು ಮರುವರ್ಷ ಮಂಚದ ಮೇಲೆ ಬರುತ್ತಿದ್ದರು, ಇಲ್ಲವೇ ಬರುತ್ತಲೇ ಇರಲಿಲ್ಲ. ಅದನ್ನು ಕಂಡು ಕಂಡು ಬೇಸತ್ತ ಲುಬ್ವಾಮ ಮತ್ತು ಅವನ ಹಿರಿಯಳಾದ ಡಾಕ್ಟರ್ ಅಚಿಯೆಂಗ್ ಸೇರಿ ಒಂದು ಅಧ್ಯಯನ ಶುರುಮಾಡಿದ್ದರು. ದಿನದ ಕಿರಣವನ್ನು ತುಸು ಹೆಚ್ಚಿಸಿ ವಾರಗಳನ್ನು ಕಡಿಮೆ ಮಾಡಿದರೆ ಅಷ್ಟೇ ಗುಣವಾಗುತ್ತದೆಯೇ? ಯಾರಿಗೆ ಹಳೆಯ ಕ್ರಮ, ಯಾರಿಗೆ ಹೊಸದು ಎಂಬುದನ್ನು ಡಾಕ್ಟರು ಆರಿಸುವಂತಿಲ್ಲ, ಚೀಟಿ ಎತ್ತಿದ ಹಾಗೆ ಕಂಪ್ಯೂಟರೇ ಹೇಳಬೇಕು.

ಮುಟ್ಟು ನಿಂತು ಎಷ್ಟೋ ಕಾಲದ ಮೇಲೆ ನಮುಲೊಂಡೊಗೆ ಮತ್ತೆ ರಕ್ತ ಕಾಣಿಸಿದಾಗ ಅವಳು ಯಾರಿಗೂ ಹೇಳಲಿಲ್ಲ. ಬಟ್ಟೆ ಹಿತ್ತಲಲ್ಲಿ ಒಣಗುತ್ತಿದ್ದುದನ್ನು ಕಂಡು ಮಗಳೇ ಗದರಿಸಿ ಕರೆದೊಯ್ದಳು. ಅಚಿಯೆಂಗ್ ಪರೀಕ್ಷೆ ಮಾಡಿ, ಎಲ್ಲ ತಿಳಿಸಿ ಹೇಳಿ, ಒಪ್ಪಿಗೆ ಪಡೆದು ಅಧ್ಯಯನಕ್ಕೆ ಸೇರಿಸಿಕೊಂಡಳು. ಚೀಟಿ ಹೊಸ ಕ್ರಮಕ್ಕೆ ಬಿತ್ತು. ಅಳಿಯ ಈ ರೋಗಿಯ ಹತ್ತಿರ ಸುಳಿಯುವುದಿಲ್ಲವೆಂದು ಮೊದಲೇ ಬರೆದುಕೊಟ್ಟಿದ್ದ. ಆಸ್ಪತ್ರೆಯ ನಿಯಮವೂ ಅದೇ, ಒಬುಕೊವಿನ ನಿಯಮವೂ ಅದೇ. ಎಲ್ಲರಿಗೂ ನಿರಾಳವಾಯಿತು.

ಆ ವಾರಗಳ ತಮಾಷೆ ಏನು ಹೇಳಲಿ! ಲುಬ್ವಾಮ ಕಾರಿಡಾರಿನ ಆ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ಸಾಲಿನಲ್ಲಿ ಕೂತ ಹೆಂಗಸರೆಲ್ಲ "ಬಂದ್ರು! ಬಂದ್ರು!" ಎಂದು ಕೂಗುತ್ತಿದ್ದರು. ನಮುಲೊಂಡೊ ಭುಜ ಚೂಪಾದ ತನ್ನ ಗೊಮೆಸಿ ಎಂಬ ನಿಲುವಂಗಿಯ ಮೇಲೆ ಶಾಲು ಎಳೆದುಕೊಂಡು ಗೋಡೆಗೆ ಮುಖ ಮಾಡಿ ನಿಲ್ಲುವಳು. ಅಳಿಯ ಫೈಲಿನಲ್ಲಿ ಮುಖ ಮುಚ್ಚಿಕೊಂಡು ಓಡುವನು. ಒಮ್ಮೆ ಹಾಗೆ ಓಡಿ ಹೋಗಿ ಹೆಂಗಸರ ಬಚ್ಚಲಿಗೆ ನುಗ್ಗಿ ಬೈಸಿಕೊಂಡಿದ್ದೂ ಆಯಿತು. ನೋವಿನಲ್ಲಿ ಮುದುರಿಕೊಂಡಿದ್ದವರೂ ಹೊಟ್ಟೆ ಹಿಡಿದು ನಕ್ಕರು.

ನಗು ಮುಗಿದಿದ್ದು ಮೊನ್ನೆ. ಬಾಡಿಗೆ ಬೈಕಿನ ಹಿಂದೆ ಕೂತು ಆಸ್ಪತ್ರೆಗೆ ಬರುತ್ತಿದ್ದ ಅಚಿಯೆಂಗ್ ಹಳ್ಳದಲ್ಲಿ ಎಗರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು! ಒಳಗಿನ ಕಿರಣವೆಂದರೆ ಗರ್ಭಕೋಶದ ಬಾಯಿಗೆ ಸಣ್ಣ ನಳಿಕೆ ಇಟ್ಟು ಗಡ್ಡೆಯ ಬುಡಕ್ಕೇ ಕಿರಣ ಬಿಡುವುದು. ಕೂದಲೆಳೆಯಷ್ಟು ಆಚೀಚೆಯಾದರೂ ಕೆಲಸ ಕೆಡುತ್ತದೆ. ಆ ಕೆಲಸ ಕಲಿತವರು ಆ ಆಸ್ಪತ್ರೆಯಲ್ಲಿ ಇಬ್ಬರೇ. ಒಬ್ಬಳ ಕೈ ಪ್ಲಾಸ್ಟರಿನಲ್ಲಿ. ಅದು ಬಿಚ್ಚುವ ತನಕ ಕಾದರೆ ಗಡ್ಡೆ ಮತ್ತೆ ತಲೆ ಎತ್ತುತ್ತದೆ. ನೈರೋಬಿಯಲ್ಲಿ ವಿಚಾರಿಸಿದರೆ ಅಲ್ಲಿಯ ಸಾಲು ಇನ್ನೂ ಉದ್ದ. ಉಳಿದವನು ಲುಬ್ವಾಮ ಒಬ್ಬನೇ. "ನಾನು ಪಕ್ಕದಲ್ಲೇ ನಿಂತು ತೀರ್ಮಾನವೆಲ್ಲ ನಾನೇ ಹೇಳ್ತೀನಿ, ಕೈ ಮಾತ್ರ ಅವನದು. ಆಮೇಲೆ ಫಲಿತಾಂಶ ಅಳೆಯೋದೂ ನಾನೇ" ಎಂದು ಅಚಿಯೆಂಗ್ ಮೇಲಿನವರನ್ನು ಒಪ್ಪಿಸಿದಳು. ಒಪ್ಪದೆ ಉಳಿದಿದ್ದು ರೋಗಿಯೊಬ್ಬಳೇ. ಸುದ್ದಿ ಕೇಳಿದ ಕೂಡಲೇ ಗಂಟು ಕಟ್ಟಿಕೊಂಡು ಊರಿಗೆ ಬಂದುಬಿಟ್ಟಿದ್ದಳು.

ನಸ್ಸುನ ಕಣ್ಣೊರೆಸಿಕೊಂಡು ಹಲಸಿನ ಮರದ ಕೆಳಗೆ ಹೋಗಿ ಗಂಡನಿಗೆ ಫೋನು ಮಾಡಿದಳು. "ರೀ, ನೀವೇ ಬಂದು ಹೇಳ್ರೀ... ನನ್ನ ಮಾತು ಕೇಳ್ತಿಲ್ಲ."

"ನಾನು ಬಂದ್ರೆ ಅವರು ಹಿತ್ತಲಿಗೆ ಓಡ್ತಾರೆ ಕಣೆ. ಬಾಳೆಗಿಡಕ್ಕೆ ಹೇಳಿ ಬರಲಾ?" ಆಮೇಲೆ ಅವನ ದನಿ ಇಳಿಯಿತು. "ನಸ್ಸುನ... ನಿನ್ನ ಹತ್ರ ಮುಚ್ಚಿಡೋದೇನು. ನಿನ್ನೆ ಕಲಿಯೋರಿಗೆ ಅಂತ ಇಟ್ಟಿರೋ ಗೊಂಬೆ ಮೇಲೆ ನಳಿಕೆ ಇಟ್ಟು ನೋಡಿದೆ. ಇದು ಅತ್ತೆಯವರು ಅಂತ ಮನಸ್ಸಿಗೆ ಬಂದಿದ್ದೇ ತಡ, ಕೈ ನಡುಗಿಬಿಡ್ತು! ಅದೆಲ್ಲ ಸುಳ್ಳು, ನಡುಕ ಮಿದುಳಿನ ಕಾಯಿಲೆ ಅಂತ ಓದಿದ್ದೀನಿ, ಪಾಠಾನೂ ಮಾಡಿದ್ದೀನಿ. ಆದ್ರೆ ನಮ್ಮ ಚಿಕ್ಕಪ್ಪ ಲೋಟ ಹಿಡಿಯೋಕಾಗದೆ ಕೂತಿರ್ತಿದ್ದಿದ್ದು, 'ಅತ್ತೆಯನ್ನ ಮುಟ್ಟಿದ' ಅಂತ ಊರೆಲ್ಲ ಅಂದಿದ್ದು ಕಣ್ಮುಂದೆ ಬರುತ್ತಲ್ಲ, ಏನ್ ಮಾಡ್ಲಿ?"

ಈ ಕಡೆ ತಾಯಿ, ಆ ಕಡೆ ಗಂಡ. ಒಬ್ಬರನ್ನು ಒಪ್ಪಿಸೋಣವೆಂದರೆ ಇಬ್ಬರೂ ಹೆದರಿ ಕೂತಿದ್ದಾರೆ! ನಸ್ಸುನ ಫೋನು ಮಡಿಲಲ್ಲಿಟ್ಟುಕೊಂಡು ಮರಕ್ಕೆ ಹಣೆ ಒತ್ತಿ ಬಿಕ್ಕಿದಳು. ಅಷ್ಟರಲ್ಲಿ ಬೇಲಿಯ ಹತ್ತಿರ ಕೊಡೆಯ ತುದಿ ಕಾಣಿಸಿತು. ಸೆಂಗ ಬಂದಳು.

ಸೆಂಗ ಎಂದರೆ ನಸ್ಸುನಳ ತಂದೆಯ ಅಕ್ಕ ನಲ್ವಾದ್ದ. ತಮ್ಮನ ಮಗಳ ಮದುವೆ ಮಾಡಿಸಿದವಳೂ ಅವಳೇ, ಆ ಮನೆಯ ರೀತಿ ರಿವಾಜು ಕಾಯುವವಳೂ ಅವಳೇ. ಅವಳ ನಾಲಿಗೆಗೆ ಹೆದರದವರು ಎಂಪಿಗಿಯಲ್ಲೇ ಇಲ್ಲ. ತಮ್ಮ ತೀರಿಕೊಂಡ ದಿನ ಹೆಣದ ಎದುರೇ, "ಹೆಂಡತಿಯಾದವಳು ಹೊಟ್ಟೆ ತುಂಬ ಹಾಕಿದ್ರೆ ನನ್ನ ತಮ್ಮ ಬದುಕ್ತಿದ್ದ" ಎಂದವಳು! ಆ ಮಾತನ್ನು ನಮುಲೊಂಡೊ ನುಂಗಿಕೊಂಡಿದ್ದಳು, ಆದರೆ ಮರೆತಿರಲಿಲ್ಲ.

"ಏನೇ ನಮುಲೊಂಡೊ, ಸಾಯೋಕೆ ಹೊರಟಿದ್ದೀಯಂತೆ? ಮೊದಲೇ ಹೇಳಿ ಕಳಿಸಬಾರದಾ? ಕೋಳಿಗೂಡಿನ ಬಾಗಿಲು ಹಾಕಿ ಬರ್ತಿದ್ದೆ."

"ಬನ್ನಿ ಅತ್ತಿಗೆ, ಕೂತ್ಕೊಳ್ಳಿ" ಎಂದು ನಮುಲೊಂಡೊ ಚಾಪೆ ಹಾಸಿದಳು.

"ಕೂತ್ಕೋತೀನಿ ಬಿಡು. ನೀನು ಸಾಯೋದು ಸಂಜೆ ಆಗುತ್ತೇನೋ." ಸೆಂಗ ಕೊಡೆ ಮಡಿಸಿದಳು. "ಅಳಿಯ ಇರೋ ಆಸ್ಪತ್ರೆಗೆ ಹೋಗಬೇಡ, ಅತ್ತೆ ಮೇಲೇ ಪ್ರಯೋಗ ಮಾಡ್ತಾನೆ ಅಂತ ಅವತ್ತೇ ಬಡ್ಕೊಂಡೆ. ಕೇಳಿದ್ಯಾ?"

"ಸೆಂಗ! ಪ್ರಯೋಗ ಅಂದ್ರೆ ಇಲಿ ಹಿಡಿದು ಕೊಯ್ಯೋದಲ್ಲ" ನಸ್ಸುನ ಒಳಗೆ ಬಂದು ಚೀರಿದಳು. "ಕಡಿಮೆ ವಾರದಲ್ಲಿ ಗುಣ ಮಾಡಿ, ಹೆಂಗಸರನ್ನ ಬೇಗ ಮನೆಗೆ ಕಳಿಸೋಕಾಗುತ್ತಾ ಅಂತ ನೋಡ್ತಿದ್ದಾರೆ. ಅಮ್ಮನ ಗಡ್ಡೆ ಕರಗಿದೆ. ಇನ್ನೊಂಚೂರು ಉಳಿದಿದೆ... ಆ ಒಂಚೂರು ಬಿಟ್ರೆ ಅದೇ ಅಮ್ಮನ್ನ ತಿನ್ನುತ್ತೆ!"

"ಮತ್ತೇನಂತೆ ಇವಳಿಗೆ? ನಾಚಿಕೆನಾ? ಈ ವಯಸ್ಸಲ್ಲಿ? ಇವಳನ್ನ ಹೆತ್ತಾಗ ಸೂಲಗಿತ್ತಿ ಮುಂದೆ ಎಲ್ಲಿ ಹೋಗಿತ್ತೇ ನಿನ್ನ ನಾಚಿಕೆ?"

 ನಮುಲೊಂಡೊ ಇಷ್ಟು ದಿನ ಗಟ್ಟಿಯಾಗಿ ಕಟ್ಟಿಕೊಂಡಿದ್ದು ಒಮ್ಮೆಗೇ ಒಡೆಯಿತು.

"ನಾಚಿಕೆ ಅಲ್ಲ ಅತ್ತಿಗೆ! ನಾಚಿಕೆನ ಆಸ್ಪತ್ರೆಗೆ ಹೋದ ಮೊದಲ ದಿನಾನೇ ಬಾಗಿಲಾಚೆ ಬಿಟ್ಟೆ. ಆ ಹುಡುಗನ ಕೈ... ಅವನ ಕೈಗೆ ಏನಾದ್ರೂ ಆದ್ರೆ? ಅಲ್ಲಿ ಎಷ್ಟು ಜನ ಹೆಂಗಸರು ಕಾಯ್ತಾ ಕೂತಿದ್ದಾರೆ, ನೀವು ನೋಡಿಲ್ಲ. ನನ್ನ ಪಕ್ಕದ ಹಾಸಿಗೆಯವಳು ಲಿರಾದಿಂದ ಬಂದಿದ್ದಾಳೆ, ಹಾಲು ಕುಡಿಯೋ ಕೂಸನ್ನ ಅವರಮ್ಮನ ಹತ್ರ ಬಿಟ್ಟು... ಅವಳಿಗೂ ಇದೇ ಒಳಗಿನ ಕರೆಂಟು ಆಗ್ಬೇಕು. ಅಚಿಯೆಂಗಮ್ಮನ ಕೈ ಮುರಿದಿದೆ. ಇರೋದು ಇವನೊಬ್ಬನ ಕೈ! ನನ್ನನ್ನ ಮುಟ್ಟಿ ಆ ಕೈ ನಡುಗೋಕೆ ಶುರುವಾದ್ರೆ ಅವರನ್ನೆಲ್ಲ ಯಾರು ನೋಡ್ತಾರೆ? ನಾನು ಹೋದ್ರೆ ಒಂದು ಮನೆಯಲ್ಲಿ ಅಳು... ಅವನ ಕೈ ಹೋದ್ರೆ ಎಷ್ಟು ಮನೆ ಅಳಬೇಕು, ಹೇಳಿ?"

 ನಸ್ಸುನ ತಾಯಿಯ ಮುಂದೆ ಕುಸಿದು ಕೂತು ಮಡಿಲಲ್ಲಿ ಮುಖ ಹುದುಗಿಸಿದಳು. ತಾಯಿ ಮೊಂಡು ಹಿಡಿದಿದ್ದಾಳೆಂದು ಬೈದಿದ್ದಳಲ್ಲ, ಆ ತಾಯಿ ಮನಸ್ಸಿನಲ್ಲಿ ಹೊತ್ತಿದ್ದು ಇದನ್ನೇ!  ಸೆಂಗ ತನ್ನ ತಮ್ಮನ ಹೆಂಡತಿಯನ್ನು ಮೊದಲ ಸಲ ನೋಡುವವಳ ಹಾಗೆ ನೋಡಿದಳು. ಆಮೇಲೆ ಮೂಗು ಒರೆಸಿಕೊಂಡು, "ನಿನ್ನ ಗಂಡನಿಗೆ ಫೋನ್ ಹಚ್ಚೇ" ಎಂದಳು.

ಲುಬ್ವಾಮನ ದನಿ ಬಂತು.

"ಅಳಿಯಂದಿರೇ, ಒಂದು ಮಾತು. ಹಿಂದಿನ ಕಾಲದಲ್ಲಿ ಅಳಿಯ ಅಕಸ್ಮಾತ್ ಅತ್ತೆ ಮೈ ನೋಡಿಬಿಟ್ರೆ ಏನು ಮಾಡ್ತಿದ್ದ?"

"ನಾರುಮಡಿ ಕಳಿಸ್ತಿದ್ದ, ಸೆಂಗ. ಅತ್ತೆ ಹೊದ್ಕೊಳ್ಳೋಕೆ."

"ಕಳಿಸಿದ್ರೆ?"

"ದೋಷ ಕಳೀತು ಅಂತ. ಕೈ ನಡುಗಲ್ಲ ಅಂತ."

"ನೋಡಿದ ಮೇಲೆ ಹೊದಿಸಿದ್ರೇ ದೋಷ ಹೋಗುತ್ತೆ ಅಂದಮೇಲೆ, ನೋಡೋಕೆ ಮುಂಚೆ ಹೊದಿಸಿಬಿಟ್ರೆ ಅದು ಬರೋದು ಎಲ್ಲಿಂದ? ಹಾಂ? ನಾರುಮಡಿ ಮುಂಗಡ ತನ್ನಿ. ಅಂಗಡಿಯಿಂದ ಕೊಂಡು ತಂದು ಕೈ ತೊಳ್ಕೊಳ್ಳೋದಲ್ಲ, ತೊಗಟೆ ಬಡಿಯೋರ ಹತ್ರ ಹೋಗಿ ನೀವೂ ಕೊಡತಿ ಹಿಡೀಬೇಕು. ನಿಮ್ಮ ಕೈಯಿಂದ ಹೊದಿಸಿದ ಹಾಗೆ ಆಗ್ಬೇಕು."

ಫೋನಿನ ಆ ಕಡೆಯಿಂದ ನಗು ಬಂತು.  ಆ ನಗುವಿನಲ್ಲಿ ಅಳುವೂ ಇದ್ದಂತೆ ನಸ್ಸುನಳಿಗೆ ಕೇಳಿಸಿತು.

ಮರುದಿನ ಲುಬ್ವಾಮ ಬುಕೊಮನ್ಸಿಂಬಿಗೆ ಹೋಗಿ ಮುತುಬ ಮರದ ತೊಗಟೆ ಬಡಿದು ನಾರುಮಡಿ ಮಾಡುವವರ ಜೊತೆ ಕೂತ. ಮೊದಮೊದಲು ಅವನ ಏಟು ತಾಳ ತಪ್ಪಿ ಅವರೆಲ್ಲ ನಕ್ಕರು. ಸಂಜೆಯ ಹೊತ್ತಿಗೆ ತೊಗಟೆ ಅಗಲವಾಗಿ ಹರಡಿ ಮೆತ್ತಗಾಯಿತು, ಅವನ ಏಟೂ ಒಂದೇ ಸಮ ಬೀಳತೊಡಗಿತು. ಅಂಗೈಯಲ್ಲಿ ಗುಳ್ಳೆ ಎದ್ದಿದ್ದನ್ನು ಕಂಡು ಅಚಿಯೆಂಗ್, "ಒಂದು ಕೈ ಮುರಿದಿರೋದು ಸಾಲದಾ ನಿಮಗೆ?" ಎಂದು ಫೋನಿನಲ್ಲಿ ಸೆಂಗಳನ್ನೇ ತರಾಟೆಗೆ ತೆಗೆದುಕೊಂಡಳು. ಸೆಂಗ ಎದುರುತ್ತರ ಕೊಡದೆ ಕೇಳಿಸಿಕೊಂಡಿದ್ದು ಅದೇ ಮೊದಲು.

ಗುಳ್ಳೆ ಮಾಯುವುದಕ್ಕೆಂದು ಬಿಟ್ಟ ಎರಡು ದಿನ ಕಳೆದು, ಲುಬ್ವಾಮ ಕೆಮ್ಮಣ್ಣಿನ ಬಣ್ಣದ ನಾರುಮಡಿಯನ್ನು ಎರಡೂ ಕೈಯಲ್ಲಿ ಹಿಡಿದು ಎಂಪಿಗಿಯ ಅಂಗಳಕ್ಕೆ ಬಂದು ಮಂಡಿಯೂರಿದ. ನಮುಲೊಂಡೊ ಮುಚ್ಚಿದ ಬಾಗಿಲ ಹಿಂದೆ ಕೂತಳು. ಮಧ್ಯೆ ಮೆಟ್ಟಿಲ ಮೇಲೆ ಸೆಂಗ, ಮಾತು ದಾಟಿಸುವವಳು.

"ಅತ್ತೆಯವರಿಗೆ ನಮಸ್ಕಾರ ಅಂತ ಹೇಳಿ, ಸೆಂಗ."

"ನಮುಲೊಂಡೊ, ಅಳಿಯಂದಿರು ನಮಸ್ಕಾರ ಅಂತಾರೆ."

"ಕೇಳಿಸ್ತು. ನನಗೂ ಕಿವಿ ಇದೆ. ಅವರ ಕೈ ಹೇಗಿದೆ ಅಂತ ಕೇಳಿ."

"ಕೈ ಹೇಗಿದೆ ಅಂತ ಕೇಳ್ತಾಳೆ."

ಲುಬ್ವಾಮ ತಲೆ ತಗ್ಗಿಸಿದ. ಸುಳ್ಳು ಹೇಳಬಹುದಿತ್ತು. "ನಡುಗ್ತಿತ್ತು ಅಂತ ಹೇಳಿ, ಸೆಂಗ. ಹೆದರಿಕೆಯಿಂದ. ಗೊಂಬೆ ಮುಂದೆ ಕೂತ್ರೂ ನಡುಗ್ತಿತ್ತು. ಮುಟ್ಟಿದ್ದಕ್ಕೆ ಯಾರ ಕೈಯೂ ನಡುಗಲ್ಲ, ಅದು ನನಗೆ ಗೊತ್ತು. ಆದ್ರೆ ಅವರು ಬರದೆ ಮನೆಯಲ್ಲೇ ಉಳಿದುಬಿಟ್ರೆ... ಆ ನಡುಕ ಮಾತ್ರ ನನ್ನ ಕೈ ಬಿಟ್ಟು ಹೋಗಲ್ಲ. ಕಾಪಾಡೋಕೆ ಗೊತ್ತಿದ್ದವನೇ ಕೈ ಕಟ್ಟಿ ಕೂತೆ ಅಂತ ಜೀವನಪೂರ್ತಿ... ಇಷ್ಟು ಹೇಳಿ ಸಾಕು."

  ಸೆಂಗ ಅದನ್ನು ದಾಟಿಸುವ ಅಗತ್ಯವೇ ಇರಲಿಲ್ಲ, ಬಾಗಿಲ ಹಿಂದೆ ಬಿಕ್ಕುವುದು ಎಲ್ಲರಿಗೂ ಕೇಳಿಸುತ್ತಿತ್ತು.

"ಅತ್ತಿಗೆ..." ಒಳಗಿಂದ ಮೂಗುಕಟ್ಟಿದ ದನಿ. "ಆ ಹುಡುಗ ಬೆಳಗಿಂದ ಏನೂ ತಿಂದಿರಲ್ಲ. ಅದಕ್ಕೇ ಹೀಗೆಲ್ಲ ಮಾತಾಡ್ತಾನೆ. ಬಾಳೆಲೆಯಲ್ಲಿ ಕಟ್ಟಿ ಬೇಯಿಸಿದ ಕೋಳಿ ಇದೆ, ಹಾಕಿ. ಆ ನಾರುಮಡಿ ಇತ್ತ ಕೊಡಿ. ಎಷ್ಟು ಗಂಟೆಗೆ ಹೊರಡಬೇಕು ಅಂತಾನೂ ಕೇಳಿ."

ಚಿಕಿತ್ಸೆಯ ದಿನ ಆಸ್ಪತ್ರೆಯ ಸಾಲಿನ ಹೆಂಗಸರೆಲ್ಲ ಎದ್ದು ನಿಂತು ನಮುಲೊಂಡೊಗೆ ದಾರಿ ಬಿಟ್ಟರು. ಲಿರಾದವಳು ಗಟ್ಟಿಯಾಗಿ ಕೇಕೆ ಹಾಕಿದಳು. ನರ್ಸು ನಾರುಮಡಿಯನ್ನು ಬಿಸಿಹಬೆಯಲ್ಲಿ ಶುದ್ಧಮಾಡಿ ತಂದು, ಎದೆಯಿಂದ ಕೆಳಗೆ ಹೊದಿಸಿ, ಅತ್ತೆಯ ಮುಖಕ್ಕೂ ಅಳಿಯನ ಕೈಗೂ ನಡುವೆ ಅಡ್ಡವಾಗಿ ಎತ್ತಿಕಟ್ಟಿದಳು. ಅಚಿಯೆಂಗ್ ಪ್ಲಾಸ್ಟರಿನ ಕೈಯನ್ನು ಕೊರಳಿಗೆ ತೂಗುಹಾಕಿಕೊಂಡು ಪಕ್ಕದಲ್ಲಿ ನಿಂತಳು. ಮಂಪರಿನ ಔಷಧ ಏರುತ್ತಿದ್ದಂತೆ ನಮುಲೊಂಡೊ ತೀರಿಹೋದ ಗಂಡನನ್ನು, ಕೆಸರುಗಾಲಲ್ಲಿ ಒಳಗೆ ಬಂದಿದ್ದಕ್ಕೆ ಚೆನ್ನಾಗಿ ಬೈಯತೊಡಗಿದಳು. ಎಲ್ಲರಿಗೂ ನಗು. ಲುಬ್ವಾಮನಿಗೂ ನಗು ಬಂತು. ನಗು ನಿಂತಾಗ ನೋಡಿಕೊಂಡ, ಕೈ ಕಲ್ಲಿನ ಹಾಗೆ ನಿಂತಿತ್ತು. ನಳಿಕೆ ಇರಬೇಕಾದ ಜಾಗದಲ್ಲೇ ಕೂತಿತು.

ಸೆಂಗ ಬಾಗಿಲಾಚೆ ಬೆಂಚಿನ ಮೇಲೆ ಜಪಸರ ಹಿಡಿದು ಕೂತಿದ್ದಳು. ಆ ಹೊತ್ತಿನಲ್ಲಿ ಅವಳು ಯಾರನ್ನೂ ಬೈಯಲಿಲ್ಲ ಎಂದು ನಸ್ಸುನ ಈಗಲೂ ಆಶ್ಚರ್ಯದಿಂದ ಹೇಳುತ್ತಾಳೆ. ಅದೇ ರೀತಿ ಇನ್ನೂ ಕೆಲವು ಸಲ ಆಯಿತು, ಲಿರಾದವಳದ್ದೂ ಆಯಿತು. ಅವಳಿಗೆ ಲುಬ್ವಾಮ ಅಳಿಯನಾಗಬೇಕಿರಲಿಲ್ಲವಾದರೂ, "ನನಗೂ ಅದನ್ನೇ ಹೊದಿಸಿ, ಬೆಚ್ಚಗಿರುತ್ತೆ" ಎಂದು ಹಟ ಹಿಡಿದಳಂತೆ.

ತಿಂಗಳುಗಳು ಉರುಳಿ, ಪ್ಲಾಸ್ಟರು ಬಿಚ್ಚಿದ ಕೈಯಿಂದ ಅಚಿಯೆಂಗ್ ಪರೀಕ್ಷೆ ಮಾಡಿದಳು. ಚಿತ್ರ ತೆಗೆಸಿದಳು, ಇನ್ನೊಮ್ಮೆ ನೋಡಿದಳು. ಗಡ್ಡೆಯ ಸುಳಿವಿಲ್ಲ! ಹೊಸ ಕ್ರಮ ನಿಜವಾಗಿಯೂ ಹಳೆಯದಕ್ಕೆ ಸಮವೇ ಎಂದು ಹೇಳಲು ಇನ್ನೂ ಎಷ್ಟೋ ಹೆಂಗಸರು, ಎಷ್ಟೋ ವರ್ಷ ಬೇಕು ಎಂದು ಅವಳು ಗಂಭೀರವಾಗಿ ಹೇಳಿದಳು. ನಮುಲೊಂಡೊ, "ಆಗಲಮ್ಮ, ನಾನೂ ಅಷ್ಟು ವರ್ಷ ಬಂದು ತೋರಿಸ್ತೀನಿ" ಎಂದಳು.

ಆ ಭಾನುವಾರ ಎಂಪಿಗಿಯಲ್ಲಿ ಹಬ್ಬ. ಮಟೋಕೆ, ಕಡಲೆಕಾಯಿ ಸಾರು, ಕೋಳಿ. ಅಳಿಯ ಹಲಸಿನ ಮರದ ಕೆಳಗೆ, ಅತ್ತೆ ಬಾಗಿಲ ಹಿಂದೆ, ಯಥಾಪ್ರಕಾರ. ಓಣಿಯವರೆಲ್ಲ ಬಂದಿದ್ದರು. ಬಂದಿದ್ದು ಊಟಕ್ಕಲ್ಲ, ಅಳಿಯನ ಕೈ ನೋಡುವುದಕ್ಕೆ ಎಂದು ಎಲ್ಲರಿಗೂ ಗೊತ್ತಿತ್ತು. ಸೆಂಗಳಿಗೂ ಗೊತ್ತಿತ್ತು. ಬೇಕೆಂದೇ ದೊಡ್ಡ ಲೋಟದ ಕಂಠಮಟ್ಟ ಹಾಲಿನ ಚಹಾ ತುಂಬಿ, "ಎಲ್ಲರೂ ಕಣ್ಣರಳಿಸಿ ನೋಡಿ" ಎನ್ನುತ್ತ ತಾನೇ ಹೊತ್ತುಕೊಂಡು ಅಂಗಳಕ್ಕೆ ಇಳಿದಳು.

ಲುಬ್ವಾಮ ಎರಡೂ ಕೈ ಚಾಚಿದ. ಆ ಕೈ ಅಲುಗಲಿಲ್ಲ. ಆದರೆ ಚಹಾ ಚೆಲ್ಲುತ್ತಿತ್ತು! ಲೋಟ ಅವನ ಕೈಗೆ ಬರುವ ಮೊದಲೇ ಸೆಂಗಳ ಕೈ ಗಡಗಡ ನಡುಗುತ್ತಿತ್ತು. ಮುಖ ಕಿವುಚಿಕೊಂಡು, ಕಣ್ಣಿಂದ ನೀರು ಧಾರಾಕಾರ... ಆ ಹೆಂಗಸು ಅಳುವುದನ್ನು ಓಣಿಯಲ್ಲಿ ಯಾರೂ ನೋಡಿರಲಿಲ್ಲ.

ಬಾಗಿಲ ಸಂದಿಯಿಂದ ನಮುಲೊಂಡೊಳ ದನಿ ಬಂತು. "ಅತ್ತಿಗೆ! ನೀವು ಯಾವ ಅಳಿಯನ್ನ ಮುಟ್ಟಿದ್ರಿ?"

ಅಂಗಳವೆಲ್ಲ ಘೊಳ್ಳೆಂದಿತು. ಲುಬ್ವಾಮ ಲೋಟ ತೆಗೆದುಕೊಂಡು ಒಂದು ಹನಿಯೂ ಚೆಲ್ಲದೆ ಕುಡಿದು ಮುಗಿಸಿದ. ಯಾರೂ ಅವನ ಕಡೆ ನೋಡಲೇ ಇಲ್ಲ. ಸೆಂಗ ನಗಲಿಲ್ಲ. ಒದ್ದೆ ಕೈ ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿ, ಬಾಗಿಲಿಗೆ ಮುಖ ಮಾಡಿ ನಿಂತಳು.

"ನಮುಲೊಂಡೊ... ನನ್ನ ತಮ್ಮನಿಗೆ ನೀನು ಹೊಟ್ಟೆ ತುಂಬಾನೇ ಹಾಕಿದ್ದೆ ಕಣೇ. ಅವತ್ತು ನಾನಂದಿದ್ದು ಸುಳ್ಳು."

 ಒಳಗಿಂದ ಅಗುಳಿ ಸರಿಯಿತು. ಬಾಗಿಲ ಸಂದಿಯಿಂದ ಒಂದು ಕೈ ಹೊರಗೆ ಬಂದು ಸೆಂಗಳ ಮಣಿಕಟ್ಟು ಹಿಡಿದು ಒಳಗೆಳೆದುಕೊಂಡಿತು. ಮರದ ಕೆಳಗಿದ್ದ ಅಳಿಯ ತಟ್ಟನೆ ಬೇರೆ ಕಡೆ ತಿರುಗಿ ಕೂತ. ಒಳಗಿಂದ ಇಬ್ಬರು ಹೆಂಗಸರೂ ಸೇರಿ ಅಳುವುದು ಕೇಳಿಸಿತು, ಸ್ವಲ್ಪ ಹೊತ್ತಿಗೆ ನಮುಲೊಂಡೊಳ ಆ ದೊಡ್ಡ ನಗು. ನಸ್ಸುನ ಎದ್ದು ಚಹಾಕ್ಕೆ ಇನ್ನೊಂದು ಪಾತ್ರೆ ನೀರಿಟ್ಟಳು.